ಕಚ್ಚಾ ಕೀರ್ದಿ, ಪಕ್ಕಾ ಕೀರ್ದಿ: ಎಐ ದಿನಾ ಬಳಸೋರು ಸಂಜೀಕ ಶಿಲ್ಕು ಹೊಂದಿಸ್ತೀರೇನು?

ನಮ್ಮಪ್ಪ ಹುಬ್ಬಳ್ಳಿ ಅಮರಗೋಳದ ಎಪಿಎಂಸಿಯಾಗ ಒಂದು ದಲಾಲಿ ಅಂಗಡಿಯೊಳಗ ಗುಮಾಸ್ತ ಇದ್ದ. ಅವನ ಮುಂದ ಯಾವಾಗ್ಲೂ ಎರಡು ಕೀರ್ದಿ, ಅಂದ್ರ ದಿನದ ಜಮಾ-ಖರ್ಚು ಬರಿಯೋ ವಹಿ, ಇರ್ತಿದ್ದವು. ಒಂದು ಕಚ್ಚಾ ಕೀರ್ದಿ, ಮೂಲಿ ಮಡಚಿದ್ದು, ಚಹಾದ ಕಲಿ ಬಿದ್ದದ್ದು, ಹಗಲೆಲ್ಲ ಹಮಾಲರು ಕೂಗಿದ್ದು, ರೈತರು ಹೇಳಿದ್ದು, ಮಾಲಕ ಫೋನಿನ್ಯಾಗ ಅಂದದ್ದು ಎಲ್ಲಾ ಅದರಾಗ. ಇನ್ನೊಂದು ಪಕ್ಕಾ, ಕೆಂಪು ಅರಿವಿ ಹೊದಿಕಿದು, ದೀಪಾವಳಿಗೆ ಪೂಜಾ ಮಾಡೂದು. ಸಂಜೀಕ ಗಲ್ಲೆ ಎಣಿಸಿ ಶಿಲ್ಕು, ಅಂದ್ರ ಕೈಯಾಗ ಉಳಿದ ರೊಕ್ಕದ ಲೆಕ್ಕ, ಹೊಂದಿದ ಮ್ಯಾಲ ಅಷ್ಟ ಕಚ್ಚಾದಿಂದ ಪಕ್ಕಾಕ್ಕ ಏರಸೂದು. ಒಂದಿನ ಹತ್ತು ರೂಪಾಯಿ ಕಮ್ಮಿ ಬಂತಂತ ರಾತ್ರಿ ಹತ್ತೂವರಿ ತನಕ ಕುಂತಿದ್ದ, ನಮ್ಮವ್ವ ರೊಟ್ಟಿ ಮುಚ್ಚಿಟ್ಟು ಬೈಕೋಂತ ಕುಂತಿದ್ಲು. ಕಡೀಕ ನೋಡಿದ್ರ ಯಾರೋ ಹಮಾಲಿ ಕೊಟ್ಟದ್ದನ್ನ ಎರಡ ಸಲ ಬರದಿದ್ದ.

ಆ ಎರಡು ವಹಿ ಕಥಿ ನನಗ ಸುಮ್ಮನ ನೆನಪಾಗಿಲ್ಲ. ನಾ ವಿದ್ಯಾನಗರದಾಗ ಸಣ್ಣದೊಂದು ಅಕೌಂಟ್ಸ್ ಆಫೀಸ್ ನಡಸ್ತೀನಿ, ಜಿಎಸ್‌ಟಿ ರಿಟರ್ನ್, ಇನ್‌ಕಮ್ ಟ್ಯಾಕ್ಸ್, ಬ್ಯಾಂಕಿಗೆ ಪ್ರಾಜೆಕ್ಟ್ ರಿಪೋರ್ಟ್, ಇಂಥಾವು. ಎಐ ಟೂಲ್ ಬಳಸಾಕತ್ತು ಎರಡು ವರ್ಷದ ಮ್ಯಾಲಾತು. 2025ರ ಅಕ್ಟೋಬರ್‌ನಾಗ ಪ್ಯಾಕೆಟ್ ಚೂಡಾ ಮಾಡೋ ನಮ್ಮ ಪಾರ್ಟಿ, ಅಂದ್ರ ಗಿರಾಕಿ, ಒಬ್ರು ಒಂದು ಕೊಟೇಶನ್ ಮಾಡಿಕೊಡ್ರಿ ಅಂದ್ರು. ಆವತ್ತ ಕೈತುಂಬ ಕೆಲಸ, ಬಾಜೂಕ ಎಐ ಕಿಟಕಿ ತಗದ ಇತ್ತು, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಖಾರಾ-ಚೂಡಾಕ್ಕ ಜಿಎಸ್‌ಟಿ ಎಷ್ಟು ಅಂತ ಕೇಳಿದೆ, ಶೇಕಡಾ 12 ಅಂತು, ಹಾಕಿ ಕಳಿಸಿಬಿಟ್ಟೆ. ಅರ್ಧಾ ತಾಸಿಗೆ ಫೋನ್ ಬಂತು. "ಸರ, ಹೋದ ತಿಂಗಳ ನೀವ ಹೇಳಿದ್ರಲ್ಲ, 22ನೇ ತಾರೀಖಿನಿಂದ ಐದ ಆಗೈತಿ, ಹೊಸಾ ಲೇಬಲ್ ಹೊಡಸ್ರಿ ಅಂತ?"

ಹೌದು, ನಾನ ಹೇಳಿದ್ದೆ. 2025ರ ಸೆಪ್ಟೆಂಬರ್ 22ರಿಂದ 12 ಮತ್ತ 28ರ ಸ್ಲ್ಯಾಬ್ ತಗದು ಹೆಚ್ಚೂಕಮ್ಮಿ ಎಲ್ಲಾ ಐಟಂ 5 ಮತ್ತ 18ರ ಒಳಗ ತಂದ್ರು, ಖಾರಾ-ಚೂಡಾ 12ರಿಂದ 5ಕ್ಕ ಇಳೀತು, ನನ್ನ ಗೋಡಿಗೆ ಆ ಪಟ್ಟಿ ಅಂಟಿಸಿದ್ದು ಇವತ್ತೂ ಐತಿ. ಮಷೀನು ತಪ್ಪು ಹೇಳಿತು ಅನ್ನೋದು ನನಗ ಅಷ್ಟೇನ್ ಹತ್ತಲಿಲ್ಲ. ಗೊತ್ತಿದ್ದದ್ದನ್ನ ನಾ ಯಾಕ ಕೇಳಿದೆ, ಅದು ಹೇಳಿದ ಮ್ಯಾಲ ನನ್ನ ತಲೀಯಾಗಿದ್ದ ಐದು ಎಲ್ಲಿ ಹೋತು, ಅದು ಹತ್ತಿತು. ಎರಡು ವರ್ಷದಾಗ ನಾ ಒಂದು ರೂಢಿ ಬೆಳಸಿಕೊಂಡಿದ್ದೆ, ಬೆಳಸಿಕೊಂಡೀನಿ ಅಂತ ನನಗ ಗೊತ್ತಾಗ್ದಂಗ.

ಈಗ ಎಲ್ಲಿ ನೋಡಿದ್ರೂ ಎಐ ಹ್ಯಾಬಿಟ್ ಮಾಡ್ಕೋರಿ, ದಿನಾ ಇಷ್ಟು ಹೊತ್ತು ಬಳಸ್ರಿ, ಇಲ್ಲಾಂದ್ರ ಹಿಂದ ಬೀಳ್ತೀರಿ ಅನ್ನೋ ಮಾತ. ಬಳಸೋ ರೂಢಿ ಮಾಡ್ಕೊಳ್ಳಾಕ ನಾವೇನ್ ಕಷ್ಟಾ ಪಡಬೇಕಾಗಿಲ್ಲ, ಅದನ್ನ ಮಾಡಸಾಕ ಕಂಪನಿಗೋಳು ರೊಕ್ಕಾ ಸುರ್ಯಾಕತ್ತಾವು. ನೋಡ್ರಿ, 2024ರ ಜೂನ್‌ನಾಗ ವಾಟ್ಸಾಪ್ ಒಳಗ ಮೆಟಾ ಎಐದ ನೀಲಿ ಉಂಗುರ ಬಂತು, ಯಾರೂ ಕೇಳಿರಲಿಲ್ಲ. 2025ರ ಜುಲೈಯಾಗ ಏರ್‌ಟೆಲ್ ತನ್ನ ಗಿರಾಕಿಗಳಿಗೆ ಪರ್ಪ್ಲೆಕ್ಸಿಟಿ ಪ್ರೋ ಅನ್ನೋ ಎಐ ಒಂದು ವರ್ಷ ಫುಕಟ್ ಕೊಡ್ತು, ಅಕ್ಟೋಬರ್‌ನಾಗ ಜಿಯೋ ಹದಿನೆಂಟು ತಿಂಗಳ ಗೂಗಲ್‌ನ ಜೆಮಿನಿ ಪ್ರೋ ಫುಕಟ್ ಅಂತ ಘೋಷಣಾ ಮಾಡ್ತು, ನವೆಂಬರ್ 4ರಿಂದ ಚಾಟ್‌ಜಿಪಿಟಿ ಗೋ ಅನ್ನೋ, ಆವಾಗ ತಿಂಗಳಿಗೆ 399 ರೂಪಾಯಿ ಇದ್ದ ಪ್ಲಾನು ಭಾರತದಾಗ ವರ್ಷಪೂರ್ತಿ ಫುಕಟ್ ಕೊಟ್ರು. ನಮ್ಮಜ್ಜ ಹೇಳ್ತಿದ್ದ, ಸಂತಿಯಾಗ ಗಾಡಿ ಹಚ್ಚಿ ಚಹಾ ಪುಕ್ಕಟ ಕುಡಿಸ್ತಿದ್ರಂತ, ಆಮ್ಯಾಲ ರೊಕ್ಕ ಕೊಟ್ಟು ಕುಡಿಯೂದು ಬಂತಂತ. 2016ರ ಸೆಪ್ಟೆಂಬರ್‌ನಾಗ ಜಿಯೋ ಫುಕಟ್ ಡೇಟಾ ಕೊಟ್ಟಾಗ್ಲೂ ಅದ ಆಗಿತ್ತು, ಈಗ ದಿನಾ ಒಂದೂವರಿ ಜಿಬಿ ಸಾಲೂದಿಲ್ಲ ನಮಗ. ಒಂದು ವರ್ಷ ಯಾಕ, ಒಂದು ವಾರ ಯಾಕಲ್ಲ ಅಂದ್ರ ಕೈ ತಾನ ಹೋಗಾಕ ಅಷ್ಟು ದಿನ ಬೇಕು.

ಎಷ್ಟು ದಿನ ಬೇಕು ಅನ್ನೋದಕ್ಕ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಮಾಡಿದ ಒಂದು ಅಧ್ಯಯನ ಭಾಳ ಹೆಸರಾಗೇತಿ. 96 ಮಂದಿಗೆ ಊಟ, ನೀರು, ವ್ಯಾಯಾಮ ಇಂಥಾದ್ರಾಗ ಒಂದು ಹೊಸಾ ರೂಢಿ ಹಿಡಸಿ ನೋಡಿದ್ರು, ಅದು ತಂತಾನ ಆಗೋ ಮಟ್ಟಕ್ಕ ಬರಾಕ ಸರಾಸರಿ 66 ದಿನ ಹಿಡೀತು, ಆದ್ರ ಕೆಲವರಿಗೆ 18 ದಿನ, ಕೆಲವರಿಗೆ 254ರ ತನಕಾ ಬೇಕಾಗಬಹುದು ಅಂತ ಲೆಕ್ಕ ಬಂತು. ಹಂಗಾಗಿ ಈ 21 ದಿನದ ಚಾಲೆಂಜು ಅಂತ ರೀಲ್ಸ್‌ನಾಗ ಕೂಗ್ತಾರಲ್ಲ, ಅದನ್ನ ಒಂದ ಕಿವಿಯಿಂದ ಕೇಳಿ ಇನ್ನೊಂದರಿಂದ ಬಿಡ್ರಿ. ಆ ಅಧ್ಯಯನದಾಗ ನನಗ ಮುಖ್ಯ ಅನಿಸಿದ್ದು ದಿನದ ಲೆಕ್ಕ ಅಲ್ಲ, ಗೂಟದ ವಿಷಯ. ಹೊಸಾ ರೂಢಿನ್ನ ದಿನಾ ಮಾಡೋ ಯಾವುದರ ಹಳೇ ಕೆಲಸದ ಗೂಟಕ್ಕ ಕಟ್ಟಬೇಕು, ಬೆಳಗಿನ ನಾಷ್ಟಾ ಆದಮ್ಯಾಲ, ಹಿಂಗ. ನನ್ನ ಎಐ ಬಳಕಿ ಯಾವ ಗೂಟಕ್ಕ ಕಟ್ಟಿತ್ತು ಅಂತ ನೋಡಿಕೊಂಡ್ರ, ತಲಿ ಒಂದೀಟು ದಣಿದ ಕೂಡ್ಲೆ ಕೈ ಆ ಕಿಟಕಿ ಕಡೆ ಹೋಗ್ತಿತ್ತು. ದಣಿವ ಗೂಟ. ದಣಿದಾಗ ಕೇಳಿದ್ದನ್ನ ದಣಿದ ತಲೀಲೆನ ತಪಾಸ ಮಾಡಬೇಕು, ಅಲ್ಲಿಗೆ ಮುಗೀತು.

ಮಷೀನು 12 ಯಾಕ ಅಂತು ಅನ್ನೋದನ್ನೂ ಒಂದೀಟು ಬಿಡಿಸಿ ಹೇಳ್ತೀನಿ, ಯಾಕಂದ್ರ ಇದು ತಿಳಿದ್ರ ಯಾವುದನ್ನ ತಪಾಸ ಮಾಡಬೇಕು ಯಾವುದನ್ನ ಬಿಡಬಹುದು ಅನ್ನೋದು ತಾನ ತಿಳೀತೈತಿ. ಇವುಗಳ ಒಳಗಿರೋ ಮಾಡೆಲ್ ಮಾಡೋ ಮೂಲ ಕೆಲಸ ಒಂದ, ಇಲ್ಲೀತನಕ ಬಂದ ಮಾತಿನ ಮುಂದ ಯಾವ ತುಣುಕು ಬಂದ್ರ ಹೊಂದತೈತಿ ಅಂತ ಲೆಕ್ಕಾ ಹಾಕಿ ಇಡೂದು, ಮತ್ತ ಮುಂದಿನ ತುಣುಕು, ಮತ್ತ ಮುಂದಿಂದು. ಆ ಲೆಕ್ಕ ಕಲ್ತದ್ದು ಒಂದು ತಾರೀಖಿನ ತನಕಾ ಕೂಡಿಸಿಟ್ಟ ಬರಹದಿಂದ. 2017ರ ಜುಲೈಯಾಗ ಜಿಎಸ್‌ಟಿ ಬಂದಾಗಿಂದ ಎಂಟು ವರ್ಷ ಪ್ಯಾಕೆಟ್ ಖಾರಾಕ್ಕ 12 ಅಂತ ಬರದ ಪುಟಗೋಳು ಎಷ್ಟಿದ್ದಾವು, 5 ಅಂತ ಬರದದ್ದು ಮೊನ್ನೆ ಮೊನ್ನೆದು. ವೆಬ್ ಹುಡುಕಾಟ ಚಾಲೂ ಇದ್ರ ಹೊಸದನ್ನ ತಂದು ಹೇಳಬಹುದು, ಆದ್ರ ಪ್ರತೀ ಪ್ರಶ್ನೆಗೆ ಅದು ಹುಡುಕ್ತೈತಿ ಅಂತೇನಿಲ್ಲ, ಹುಡುಕಿದ್ರೂ ಹಳೇ ಪುಟ ಸಿಗೂದಿಲ್ಲ ಅಂತೇನಿಲ್ಲ. ಇನ್‌ಕಮ್ ಟ್ಯಾಕ್ಸಿಂದೂ ಇದ ಕಥಿ. 1961ರ ಕಾಯ್ದೆ ಹೋಗಿ 2025ರ ಹೊಸಾ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, 536 ಕಲಂ, ನಂಬರ್ ಎಲ್ಲಾ ಬದಲಿ, ಉಳಿತಾಯಕ್ಕ ತೆರಿಗಿ ವಿನಾಯಿತಿ ಕೊಡೋ, ನಾವು ಉಸಿರಿನಂಗ ಹೇಳ್ತಿದ್ದ 80ಸಿ ಈಗ ಕಲಂ 123. ಅರವತ್ತು ವರ್ಷದ ಬರಹದಾಗ ಹಳೇ ನಂಬರ್ ತುಂಬಿಕೊಂಡಿರೂವಾಗ ಮಷೀನಿಗೆ ಹಳೇದ ಬಾಯಿಗೆ ಬರ್ತೈತಿ, ನಮಗೂ ಅದ ಬರ್ತೈತಿ ಬಿಡ್ರಿ, ಆ ಮಾತು ಬ್ಯಾರೆ.

ಒಂದ ಫರಕು. ನಮ್ಮಪ್ಪಗ ಅನುಮಾನ ಬಂದ್ರ ಆ ಅಂಕಿ ಪೆನ್ಸಿಲ್ಲಿನ್ಯಾಗ ಬರೀತಿದ್ದ, ಬಾಜೂಕ ಸಣ್ಣದೊಂದು ಚುಕ್ಕಿ. ಈ ಮಷೀನಿಗೆ ಪೆನ್ಸಿಲ್ ಅನ್ನೋದ ಇಲ್ಲ ಅಂದ್ರೂ ನಡೀತೈತಿ, ಖರೇನೂ ಮಸಿಯಾಗ, ಸುಳ್ಳೂ ಮಸಿಯಾಗ, ಅದ ದುಂಡನ ಅಕ್ಷರ. 2023ರಾಗ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕೊಟ್ಟ ಆರು ತೀರ್ಪು ಕೋರ್ಟಿಗೆ ಹಾಕಿ ಐದು ಸಾವಿರ ಡಾಲರ್ ದಂಡ ಕಟ್ಟಿದ್ರು, ಅವು ಯಾವ ಕೋರ್ಟಿನ್ಯಾಗೂ ಆಗದ ತೀರ್ಪು. ಹೆಸರು, ವರ್ಷ, ನಂಬರ್ ಎಲ್ಲಾ ಇತ್ತು, ತೀರ್ಪೊಂದ ಇರಲಿಲ್ಲ. ನಮ್ಮ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿನೂ 2024ರ ಡಿಸೆಂಬರ್‌ನಾಗ ಕೊಟ್ಟ ಒಂದು ಆದೇಶದಾಗ ಇಲ್ಲದ ತೀರ್ಪು ಬಂದಿದ್ದಕ್ಕ ಅದನ್ನ ವಾಪಸ್ ತಗೋಬೇಕಾತು, ನಮ್ಮ ಲೈನಿನವರ ವಾಟ್ಸಾಪ್ ಗುಂಪಿನ್ಯಾಗ ಆವಾಗ ಒಂದು ವಾರ ಬ್ಯಾರೆ ಮಾತ ಇರಲಿಲ್ಲ.

ಚೂಡಾ ಪ್ರಸಂಗ ಆದಮ್ಯಾಲ ನಾ ಮಾಡಿದ್ದು ಇಷ್ಟ. ನಲವತ್ತು ರೂಪಾಯಿದೊಂದು ನೋಟ್‌ಬುಕ್ ತಂದೆ, ಕೊಪ್ಪಿಕರ್ ರೋಡಿನ್ಯಾಗ. ಎಡಗಡೆ ಪುಟಕ್ಕ ಕಚ್ಚಾ, ಬಲಗಡೆ ಪಕ್ಕಾ. ಎಐಗೆ ಕೇಳೋ ಮೊದಲ ನನ್ನ ಅಂದಾಜು ಎಡಗಡೆ ಒಂದ ಸಾಲಿನ್ಯಾಗ ಬರೀತೀನಿ: "ಚೂಡಾ, 5 ಇರಬೇಕು." ಗೊತ್ತಿಲ್ಲಾಂದ್ರ "ಗೊತ್ತಿಲ್ಲ" ಅಂತ ಬರೀತೀನಿ. ಆಮ್ಯಾಲ ಕೇಳ್ತೀನಿ, ಅದು ಹೇಳಿದ್ದನ್ನ ಅದರ ಕೆಳಗ ಬರೀತೀನಿ. ಬಲಗಡೆಗೆ ಹೋಗೂದು ನಾ ನೋಟಿಫಿಕೇಶನ್ನೋ ಪೋರ್ಟಲ್ಲೋ ಕಣ್ಣಾರೆ ನೋಡಿದ ಮ್ಯಾಲ. ಸಂಜೀ ಆರೂವರಿಗೆ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಿನ ಬ್ಯಾಕಪ್ ಹಚ್ಚಿ ಕುಂಡ್ರೂದು ನನ್ನ ಹಳೇ ರೂಢಿ, ಹತ್ತು ನಿಮಿಷ ಹಿಡೀತೈತಿ, ಆ ಗೂಟಕ್ಕ ಇದನ್ನ ಕಟ್ಟಿದೆ. ಬ್ಯಾಕಪ್ ಓಡಾಕತ್ತಾಗ ಎಡಗಡೆ ಪುಟ ನೋಡೂದು, ಏರಿಸೋದನ್ನ ಏರಸೂದು, ಉಳಿದದ್ದಕ್ಕ ಚುಕ್ಕಿ ಇಡೂದು.

ಮೊದಲ ಎರಡು ವಾರ ಬ್ಯಾಸರಾತು. ನಮ್ಮ ಆಫೀಸಿನ ಹುಡುಗಿ ನಕ್ಕೋಂತ "ಸರ ಕಂಪ್ಯೂಟರ್ ಬಿಟ್ಟು ಸ್ಲೇಟ್ ಹಿಡದಾರ" ಅಂದ್ಲು. ಆದ್ರ ಆ ಒಂದು ಸಾಲಿನ ಅಂದಾಜು ಭಾಳ ಕೆಲಸಾ ಮಾಡ್ತು. ಅರ್ಧಾ ಪ್ರಶ್ನೆ ಬರಿಯೋವಾಗ್ಲೇ ಉತ್ತರ ಬಂದುಬಿಡ್ತಿತ್ತು, ಕೇಳೂದ ಬೇಕಾಗ್ತಿರಲಿಲ್ಲ. ಉಳಿದದ್ದರಾಗ ನನ್ನ ಅಂದಾಜು ಮತ್ತ ಮಷೀನಿನ ಮಾತು ಬ್ಯಾರೆ ಬ್ಯಾರೆ ಬಂದ್ರ ಅಲ್ಲೇ ಕಣ್ಣು ನಿಲ್ತೈತಿ, ಯಾವುದನ್ನ ತಪಾಸ ಮಾಡಬೇಕಂತ ಹುಡುಕೋ ಕೆಲಸಾ ತಪ್ಪಿತು. ಅಂದಾಜು ಬರೀದ ಕೇಳಿದ್ರ ಮಷೀನಿನ ಮಾತಿಗೆ ಎದುರು ನಿಂದರಾಕ ನಮ್ಮ ಕಡೆ ಏನೂ ಇರೂದಿಲ್ಲ, ಏನ್ ಕೊಟ್ರೂ ಸರಿ ಕಾಣತೈತಿ. ಬ್ಯಾಡಗಿ ಪ್ಯಾಟ್ಯಾಗ ವ್ಯಾಪಾರಸ್ಥರು ಟೆಂಡರ್ ಹಾಕೋ ಮೊದಲ ಚೀಲದಾಗ ಕೈ ಹಾಕಿ ಮೆಣಸಿನಕಾಯಿ ಮುರದು ನೋಡಿ ಮನಸಿನ್ಯಾಗ ಒಂದು ರೇಟ್ ಹಿಡಕೊಂಡಿರ್ತಾರಲ್ಲ, ಹಂಗ.

ಬೇಗ ಆಗ್ತೈತಿ ಅನ್ನೋ ಭಾವನಿನೂ ಒಂದೀಟು ತಪಾಸ ಮಾಡೂದು ಚಲೋ. 2025ರಾಗ ಮೀಟರ್ (METR) ಅನ್ನೋ ಅಮೆರಿಕದ ಸಂಸ್ಥೆ 16 ಮಂದಿ ಪಳಗಿದ ಸಾಫ್ಟ್‌ವೇರ್ ಡೆವಲಪರ್‌ಗಳಿಗೆ ಅವರವರ ಸ್ವಂತ ಪ್ರಾಜೆಕ್ಟಿನ 246 ಕೆಲಸಾ ಕೊಟ್ಟು, ಕೆಲವಕ್ಕ ಎಐ ಬಳಸ್ರಿ ಕೆಲವಕ್ಕ ಬ್ಯಾಡ ಅಂತ ಹೇಳಿ ಟೈಮ್ ಹಿಡೀತು. ಎಐ ಬಳಸಿದ್ದಕ್ಕ ಶೇಕಡಾ 19ರಷ್ಟು ಹೆಚ್ಚಿಗಿ ಹೊತ್ತು ಹಿಡೀತು. ಮಜಾ ಏನಪಾ ಅಂದ್ರ ಎಲ್ಲಾ ಮುಗಿದ ಮ್ಯಾಲೂ ಅವರು ನಾವು ಶೇಕಡಾ 20 ಬೇಗ ಮಾಡೀವಿ ಅಂತನ ನಂಬಿದ್ರು. ಹದಿನಾರು ಮಂದಿ ಲೆಕ್ಕ ಎಲ್ಲಾರಿಗೂ ಹಚ್ಚಾಕ ಬರೂದಿಲ್ಲ, ಟೂಲ್‌ಗಳೂ ಆವಾಗಿನಕಿಂತ ಸುಧಾರಿಸ್ಯಾವು, ಆದ್ರ ಭಾವನಿಗೂ ಗಡಿಯಾರಕ್ಕೂ ಇಷ್ಟು ಅಂತರ ಬೀಳ್ತೈತಿ ಅನ್ನೋದು ನನಗ ಪಟ್ಟಂತ ಹತ್ತಿತು. ನಾನೂ ನೋಡಿದೆ. ಬ್ಯಾಂಕ್ ಸ್ಟೇಟ್‌ಮೆಂಟಿನ ಎಂಟ್ರಿ ವಿಂಗಡಣಿ, ಇಲಾಖೆ ನೋಟಿಸಿಗೆ ಇಂಗ್ಲಿಷಿನ್ಯಾಗ ಉತ್ತರದ ಕರಡು, ಎಕ್ಸೆಲ್ ಫಾರ್ಮುಲಾ, ಇವುಕ್ಕ ಖರೇನ ಹೊತ್ತು ಉಳೀತೈತಿ, ಯಾಕಂದ್ರ ತಪ್ಪಿದ್ರ ಕೂಡ್ಲೆ ಕಾಣತೈತಿ, ಟೋಟಲ್ ಹೊಂದೂದಿಲ್ಲ. ದರ, ತಾರೀಖು, ಕಲಂ, ಇವುಕ್ಕ ಹೊತ್ತು ಉಳಿಯೂದಿಲ್ಲ, ತಪಾಸಿಗೆ ಹೋಗೋ ಹೊತ್ತು ಹಿಡಿದ್ರ ಸೀದಾ ಪೋರ್ಟಲ್ ನೋಡೂದ ಬೇಗ. ಹಂಗಾಗಿ ಅವನ್ನ ಕೇಳೂದ ಬಿಟ್ಟೆ.

ತಪ್ಪು ತಾನ ಕೂಗಿ ಹೇಳೋ ಕೆಲಸ, ತಪ್ಪು ಸುಮ್ಮನ ಕುಂಡ್ರೋ ಕೆಲಸ, ಈ ಎರಡನ್ನ ಬ್ಯಾರೆ ಮಾಡ್ಕೊಂಡ್ರ ಹೊಲದಾಗೂ ಇದ ಲೆಕ್ಕ ನಡೀತೈತಿ. ಹಾವೇರಿ ಕಡೆ ನಮ್ಮ ಸಂಬಂಧಿಕರದು ಮೆಣಸಿನಕಾಯಿ ಹೊಲ. ಈಗ ಎಲಿ ಮುಟುರಿದ್ರ ಹುಡುಗರು ಫೋಟೋ ಹೊಡದು ಎಐಗೆ ಹಾಕ್ತಾರ, ನುಸಿ ಐತಿ, ಥ್ರಿಪ್ಸ್ ಐತಿ ಅಂತ ಒಂದು ಹೆಸರು ಬರ್ತೈತಿ. ಅಲ್ಲೀತನಕ ಅಡ್ಡಿ ಇಲ್ಲ, ಎಲಿ ತಿರುವಿ ಭೂತಗನ್ನಡಿ ಹಿಡದು ನೋಡಿದ್ರ ಹುಳ ಕಾಣತೈತಿ, ಇಲ್ಲಾಂದ್ರ ಇಲ್ಲ. ಅದರ ಮುಂದ ಲೀಟರ್ ನೀರಿಗೆ ಎಷ್ಟು ಮಿಲಿ ಹಾಕಬೇಕು ಅಂತ ಕೇಳಿ ಅದನ್ನ ಪಂಪಿನ್ಯಾಗ ಸುರೂದು ಐತಲ್ಲ, ಅದು ಸುಮ್ಮನ ಕುಂಡ್ರೋ ತಪ್ಪು. ಆಮ್ಯಾಲ ಗಿಡ ಸುಟ್ಟಾಗ ಗೊತ್ತಾಗ್ತೈತಿ. ಡೋಸು ಡಬ್ಬಿ ಮ್ಯಾಲಿನ ಲೇಬಲ್ಲಿನ್ಯಾಗ ಐತಿ, ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರದವರು ಹೇಳ್ತಾರ, ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಹೇಳ್ತಾರ, ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕ ಫೋನ್ ಹಚ್ಚಿದ್ರ ಕನ್ನಡದಾಗ ಹೇಳ್ತಾರ. ಹೆಸರಿಗೆ ಎಐ, ಡೋಸಿಗೆ ಮನಷ್ಯಾ. ಮನ್ಯಾಗ ಔಷಧಿ ಗುಳಿಗಿಗೂ ನಾವು ಇದನ್ನ ಇಟ್ಕೊಂಡೀವಿ, ಆ ಗುಳಿಗಿ ಯಾತಕ್ಕ ಕೊಟ್ಟಾರ ಅಂತ ಕೇಳಬಹುದು, ಎಷ್ಟು ತಗೋಬೇಕು, ಬಿಡಬೇಕೇನು ಅಂತ ಕೇಳಂಗಿಲ್ಲ.

ಕನ್ನಡದಾಗ ಕೇಳೋರಿಗೆ ಇನ್ನೊಂದು ತೊಡಕೈತಿ. ಕಂಪ್ಯೂಟರ್ ಒಳಗ ಇಂಗ್ಲಿಷ್ ಅಕ್ಷರಕ್ಕ ಒಂದು ಬೈಟ್ ಜಾಗಾ ಸಾಕು, ಕನ್ನಡದ ಪ್ರತೀ ಚಿಹ್ನಿಗೆ ಮೂರು ಬೇಕು, ಒತ್ತು, ಕೊಂಬು, ಗುಡಸು ಎಲ್ಲಾ ಬ್ಯಾರೆ ಬ್ಯಾರೆ ಎಣಿಸ್ತಾವು. ಹುಬ್ಬಳ್ಳಿ ಅಂತ ಇಂಗ್ಲಿಷಿನ್ಯಾಗ ಬರದ್ರ ಎಂಟು ಬೈಟ್, ಕನ್ನಡದಾಗ ಬರದ್ರ ಇಪ್ಪತ್ತೇಳು. ಮಾಡೆಲ್‌ಗೋಳು ಮಾತನ್ನ ತುಣುಕು ಮಾಡೋವಾಗ ಕನ್ನಡ ಸಣ್ಣ ಸಣ್ಣ ಚೂರಾಗಿ ಹೋಗ್ತೈತಿ, ಫುಕಟ್ ಪ್ಲಾನಿನ ಮಿತಿ ಲಗೂ ಮುಟ್ಟತೈತಿ, ಕಲಿಯಾಕ ಸಿಕ್ಕ ಕನ್ನಡದ ಬರಹನೂ ಇಂಗ್ಲಿಷಿನ ಮುಂದ ಭಾಳ ಕಮ್ಮಿ. ಅದರಾಗ ನಮ್ಮದು ಹುಬ್ಬಳ್ಳಿ ಮಾತು. "ರೊಕ್ಕಾ ಕೊಟ್ಟಾನಂತ, ಪಟ್ಟಿ ಕೊಟ್ಟಿಲ್ಲಂತ, ಏನ್ ಮಾಡೂದು" ಅಂತ ಧ್ವನಿಲೆ ಕೇಳಿದ್ರ ಪಟ್ಟಿ ಅಂದ್ರ ಎಪಿಎಂಸಿಯಾಗ ಮಾಲು ಮಾರಿದ ಲೆಕ್ಕದ ಚೀಟಿ ಅಂತ ಅದಕ್ಕ ತಿಳಿಯೂದಿಲ್ಲ, ಯಾವುದೋ ಯಾದಿ ಅಂತ ತಿಳದು ಭಾಷಣಾ ಸುರು ಮಾಡ್ತೈತಿ, ಅದೂ ಪಾಠದ ಪುಸ್ತಕದ ಕನ್ನಡದಾಗ. ನನ್ನ ರೂಢಿ ಏನಂದ್ರ ಮೊದಲ ಸಾಲಿನ್ಯಾಗ ನಾ ಯಾರು, ಎಲ್ಲಿಯವ, ಈ ಶಬ್ದಕ್ಕ ನಮ್ಮ ಕಡೆ ಅರ್ಥ ಏನು ಅಂತ ಹೇಳೂದು, ಆಮ್ಯಾಲ "ಉತ್ತರ ಕೊಡೋ ಮೊದಲ ನಾ ಕೇಳಿದ್ದನ್ನ ನಿನ್ನ ಮಾತಿನ್ಯಾಗ ಒಮ್ಮೆ ಹೇಳು" ಅನ್ನೂದು. ಅರ್ಧಾ ತಪ್ಪು ಅಲ್ಲೇ ಸಿಗತೈತಿ.

ಪಾರ್ಟಿಗಳ ಕಾಗದ ಪತ್ರದ ವಿಷಯ ಬ್ಯಾರೆ. ಇದಕ್ಕ ರೂಢಿ ಸಾಲೂದಿಲ್ಲ, ಕಟ್ಟುನಿಟ್ಟು ಬೇಕು. 2023ರಾಗ ಸ್ಯಾಮ್‌ಸಂಗ್‌ನ ಎಂಜಿನಿಯರ್‌ಗಳು ಕಂಪನಿ ಕೋಡ್ ಚಾಟ್‌ಜಿಪಿಟಿಗೆ ಹಾಕಿ, ಕಂಪನಿ ಅಂಥಾ ಟೂಲ್‌ಗೋಳನ್ನ ಬಂದ್ ಮಾಡೋ ಪ್ರಸಂಗ ಬಂದಿತ್ತು. ನಮ್ಮಂಥಾ ಸಣ್ಣ ಆಫೀಸಿನ್ಯಾಗ ಕೋಡ್ ಎಲ್ಲಿಂದ ಬರಬೇಕು, ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್, ಯಾರ ಕಡೆ ಎಷ್ಟು ಸಾಲ ಐತಿ ಅನ್ನೋದು ಇರತೈತಿ, ಊರಾಗ ಅದಕ್ಕಿಂತ ದೊಡ್ಡ ಗುಟ್ಟು ಯಾವುದೈತಿ? ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಾಗ ಆತು, ನಿಯಮ 2025ರ ನವೆಂಬರ್‌ನಾಗ ಬಂದ್ವು, ಹಂತ ಹಂತವಾಗಿ ಜಾರಿ. ಕಾಯ್ದೆ ಪೂರ್ತಿ ಜಾರಿ ಆಗೋತನಕ ಯಾಕ ಕಾಯಬೇಕು, ನಾವು ಫೈಲ್ ಹಾಕೋ ಮೊದಲ ಹೆಸರು ತಗದು ಅ ಪಾರ್ಟಿ, ಬ ಪಾರ್ಟಿ ಅಂತ ಮಾಡ್ತೀವಿ, ನಂಬರ್ ಕಾಲಂ ಅಳಸ್ತೀವಿ, ಸೆಟ್ಟಿಂಗ್ಸ್ ಒಳಗ ನನ್ನ ಚಾಟ್ ತರಬೇತಿಗೆ ಬಳಸಬ್ಯಾಡ್ರಿ ಅನ್ನೋ ಗುಂಡಿ ಒತ್ತಿಟ್ಟೀವಿ. ಆಫೀಸಿನ ಹುಡುಗಿಗೆ ಇದನ್ನ ಮೂರು ಸಲ ಹೇಳಬೇಕಾತು, ನಾಕನೇದು ಆಕಿ ನನಗ ಹೇಳಿದ್ಲು.

ಮನ್ಯಾಗ ಈಗ ನಮ್ಮಪ್ಪಗೂ ಫೋನಿನ್ಯಾಗ ಎಐ ಜೋಡಿ ಮಾತಾಡೋ ಹುಚ್ಚು ಹತ್ತೇತಿ, ಮೊಮ್ಮಗ ಹಚ್ಚಿಕೊಟ್ಟಾನ. ಮೊನ್ನೆ ಗುರುವಾರ ಸಂಜೀಮುಂದ ಕಟ್ಟಿ ಮ್ಯಾಲ ಕುಂತು "ಇವತ್ತ ಬ್ಯಾಡಗ್ಯಾಗ ಡಬ್ಬಿ ಮೆಣಸಿನಕಾಯಿ ಏನ್ ರೇಟ್ ಹೋತಪಾ" ಅಂತ ಕೇಳಿದ. ಅದು ಭಾಳ ಮರ್ಯಾದಿಲೆ ಒಂದು ರೇಟ್ ಹೇಳಿತು. ಅಪ್ಪ ಕ್ಯಾಲೆಂಡರಿನ ಹಿಂದ ಅದನ್ನ ಪೆನ್ಸಿಲ್ಲಿನ್ಯಾಗ ಬರಕೊಂಡ, ಕಣ್ಣಡಕ ಸರಿ ಮಾಡ್ಕೊಂಡ, ಬ್ಯಾಡಗ್ಯಾಗ ಇನ್ನೂ ಅಂಗಡಿಗೆ ಹೋಗೋ ತನ್ನ ಹಳೇ ಗೆಳ್ಯಾಗ ಫೋನ್ ಹಚ್ಚಿದ. ಆ ಕಡಿಂದ ಮೊದಲ ಮೊಳಕಾಲು ನೋವಿಂದ ಸುದ್ದಿ, ಆಮ್ಯಾಲ ಮಳಿ ಸುದ್ದಿ, ಆಮ್ಯಾಲ ರೇಟ್. ಅದನ್ನ ಬಾಲ್‌ಪೆನ್ನಿನ್ಯಾಗ ಬರದ. ಎರಡೂ ಹೊಂದಲಿಲ್ಲ.

"ಈ ಫೋನಿನ್ಯಾಗಿನಂವ ಎಸಿ ಗೋಡೌನಿನ ಹಳೇ ಮಾಲಿನ ರೇಟ್ ಹೇಳಾಕತ್ತಾನ," ಅಂದ, ಫೋನ್ ಬೋರಲಾ ಇಟ್ಟು ಚಹಾಕ್ಕ ಒಳಗ ಹ್ವಾದ.